ಕಮಲಾ ಸೊಹೋನಿ

ಎಳ್ಳಮಾವಾಸ್ಯೆಯಂದು ಬೀದರ ಜಿಲ್ಲೆಯ ಹುಮನಾಬಾದ, ಬಸವಕಲ್ಯಾಣ ಸೀಮೆಯ ರೈತರು ಮನೆಮಂದಿಯೊಡನೆ ಹೊಲಕ್ಕೆ ಹೋಗುತ್ತಾರೆ. ಭೂತಾಯಿಗೆ ಪೂಜೆ ಸಲ್ಲಿಸಿ, ಬಂಧುಬಳಗದವರನ್ನು ಕೂಡಿಕೊಂಡು ಅಲ್ಲಿಯೇ ಊಟಮಾಡುತ್ತಾರೆ. ಆ ದಿನದ ವಿಶೇಷವಾದ ಅಡುಗೆ ಭಜ್ಜಿ. ಹಸಿ ತೊಗರಿ, ಹಸಿ ಕಡಲೆ, ಅವರೆ ಮೊದಲಾದ ಕಾಳುಗಳನ್ನು ಸೊಪ್ಪು ತರಕಾರಿಗಳೊಡನೆ ಬೆರೆಸಿ, ಬಹಳ ಹೊತ್ತು ಕುದಿಸಿ ಮಾಡುವ ಈ ಪದಾರ್ಥವನ್ನು ಸಜ್ಜೆಯ ರೊಟ್ಟಿಯೊಡನೆ ಉಣ್ಣುವುದು ವಾಡಿಕೆ. ಬಹಳ ಹೊತ್ತು ಕುದಿಸುವುದು ಕೇವಲ ರುಚಿಗಾಗಿ ಎಂದು ತಿಳಿಯಬಾರದು. ಹಸಿಯ ಕಾಳಿನಲ್ಲಿ ನಮ್ಮ ಜೀರ್ಣರಸದ ಕೆಲಸವನ್ನೇ ತಡೆಯುವ ವಸ್ತುವೊಂದು ಅಡಗಿರುತ್ತದೆ. ಕಾಳು ಚೆನ್ನಾಗಿ ಬೆಂದಾಗ ಅದು ಬಹುಮಟ್ಟಿಗೆ ನಾಶವಾಗುತ್ತದೆ. ನಮ್ಮ ಹಿರಿಯರು ಅನುಭವದಿಂದ ಪಾಲಿಸಿಕೊಂಡು ಬಂದ ಈ ಕ್ರಮದ ಹಿಂದಿರುವ ಕಾರಣವನ್ನು ಪ್ರಯೋಗಶಾಲೆಯಲ್ಲಿ ಹುಡುಕಿದ ಭಾರತೀಯ ವಿಜ್ಞಾನಿಗಳಲ್ಲಿ ಕಮಲಾ ಸೊಹೋನಿಯವರು ಪ್ರಮುಖರು. ಅವರ ವಿಜ್ಞಾನಜೀವನ ಆರಂಭವಾದುದು ಕರ್ನಾಟಕದ ನೆಲದಲ್ಲಿ. ಅದು ಸುಲಭವಾಗಿ ಆರಂಭವಾಗಲಿಲ್ಲ.

ಕಮಲಾ ಅವರು ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತವರಿನ ಮನೆತನದ ಹೆಸರು ಭಾಗವತ. ತಂದೆ ನಾರಾಯಣರಾವ್ ಮತ್ತು ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ತಾತಾ ಇನ್‌ಸ್ಟಿಟ್ಯೂಟ್’ ಎಂದು ಹೆಸರಾಗಿದ್ದ ಕಾಲದಲ್ಲಿ ಅಲ್ಲಿ ಓದಿ ಬಂದವರು. ಅಕ್ಕ ದುರ್ಗಾ ಭಾಗವತ ಮುಂದೆ ಮರಾಠಿಯ ಹೆಸರಾಂತ ಲೇಖಕಿಯಾದರು. ಇಂತಹ ಮನೆಯಲ್ಲಿ ಬೆಳೆದ ಹುಡುಗಿಗೆ ವಿಜ್ಞಾನ ಹೊಸ ಲೋಕವಾಗಿರಲಿಲ್ಲ. ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ, ಭೌತಶಾಸ್ತ್ರವನ್ನು ಪೂರಕ ವಿಷಯವಾಗಿ ತೆಗೆದುಕೊಂಡು 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿಯನ್ನು ಅವರು ಪಡೆದರು. ಅರ್ಹತಾಪಟ್ಟಿಯಲ್ಲಿ ಅವರದೇ ಮೊದಲ ಹೆಸರು. ತಂದೆ ಮತ್ತು ಚಿಕ್ಕಪ್ಪ ಓದಿದ ಬೆಂಗಳೂರಿನ ಸಂಸ್ಥೆಯಲ್ಲಿಯೇ ತಾವೂ ಸಂಶೋಧನೆ ಮಾಡಬೇಕೆಂದು ನಿಶ್ಚಯಿಸಿ ಅರ್ಜಿ ಹಾಕಿದರು.

ಆಗ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದು ಜಗತ್ಪ್ರಸಿದ್ಧರಾಗಿದ್ದ ಅವರು 1933ರಲ್ಲಿ ಆ ಹುದ್ದೆಗೆ ಬಂದಿದ್ದರು. ಕಮಲಾ ಅವರ ಅರ್ಜಿ ತಿರಸ್ಕೃತವಾಯಿತು. ಅಂಕಗಳಲ್ಲಿ ಕೊರತೆಯಿರಲಿಲ್ಲ. ಅರ್ಜಿ ಹಾಕಿದವರು ಹೆಣ್ಣು ಎಂಬುದೊಂದೇ ಕಾರಣವಾಗಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣೆಯರು ಶರಣರೊಡನೆ ಸಮಾನವಾಗಿ ಕುಳಿತು ಚರ್ಚಿಸಿದ ನಾಡಿನಲ್ಲಿ, ಇಪ್ಪತ್ತನೆಯ ಶತಮಾನದ ವಿಜ್ಞಾನಮಂದಿರವೊಂದು ಹೆಣ್ಣುಮಗಳನ್ನು ಹೊರಗೆ ನಿಲ್ಲಿಸಿತೆಂಬುದು ಸೋಜಿಗವೇ ಸರಿ. ರಾಮನ್ನರಂತಹ ಮೇಧಾವಿಗೂ ತಮ್ಮ ಕಾಲದ ರೂಢಿಯ ಕಟ್ಟನ್ನು ಮೀರಲು ಸಾಧ್ಯವಾಗಲಿಲ್ಲ.

ಹಿರಿಯರು ನಿರ್ದೇಶಕರ ಮನವೊಲಿಸಲು ಮಾಡಿದ ಪ್ರಯತ್ನ ವಿಫಲವಾಯಿತು. ಇಪ್ಪತ್ತೆರಡರ ತರುಣಿ ತಾನೇ ಬೆಂಗಳೂರಿಗೆ ಬಂದು ರಾಮನ್ನರನ್ನು ಕಂಡಳು. ತನ್ನನ್ನು ಸೇರಿಸಿಕೊಳ್ಳದಿರಲು ನ್ಯಾಯವಾದ ಕಾರಣವೇನೆಂದು ಕೇಳಿದಳು. ಗಾಂಧೀಜಿಯವರ ವಿಚಾರಗಳಿಂದ ಪ್ರಭಾವಿತರಾಗಿದ್ದ ಆಕೆ ಪ್ರವೇಶ ದೊರೆಯುವವರೆಗೆ ಸತ್ಯಾಗ್ರಹ ನಡೆಸಿದರೆಂದು ಅವರ ಜೀವನವನ್ನು ಕುರಿತು ಬರೆದವರು ಹೇಳುತ್ತಾರೆ. ಕೊನೆಗೆ ರಾಮನ್ನರು ಒಪ್ಪಿದರು. ಆದರೆ ಆ ಒಪ್ಪಿಗೆಗೆ ಷರತ್ತುಗಳಿದ್ದವು. ಮೊದಲ ವರ್ಷ ಅವರನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಪರಿಗಣಿಸಲಾಗುವುದಿಲ್ಲ. ಅವರ ಕೆಲಸ ನಿರ್ದೇಶಕರಿಗೆ ತೃಪ್ತಿ ತಂದರೆ ಮಾತ್ರ ಅದಕ್ಕೆ ಮನ್ನಣೆ. ಮಾರ್ಗದರ್ಶಕರು ಬಯಸಿದಲ್ಲಿ ರಾತ್ರಿಯ ಹೊತ್ತಿನಲ್ಲಿಯೂ ದುಡಿಯಬೇಕು. ಪ್ರಯೋಗಶಾಲೆಯ ಗಂಡುಮಕ್ಕಳ ಚಿತ್ತ ಚಂಚಲವಾಗದಂತೆ ನಡೆದುಕೊಳ್ಳಬೇಕು. ಕೊನೆಯ ಷರತ್ತು ಅವರ ಮನಸ್ಸನ್ನು ಆಳವಾಗಿ ನೋಯಿಸಿತು. ಆದರೂ ಒಪ್ಪಿಕೊಂಡರು, ಬಾಗಿಲು ಒಮ್ಮೆ ತೆರೆದರೆ ಸಾಕು, ಉಳಿದುದನ್ನು ಕೆಲಸವೇ ತೀರ್ಮಾನಿಸುತ್ತದೆ ಎಂಬ ನಂಬಿಕೆ ಅವರಿಗಿತ್ತು. ಆದರೆ ಆ ಅವಮಾನವನ್ನು ಅವರು ಮರೆಯಲಿಲ್ಲ. ಇಳಿವಯಸ್ಸಿನಲ್ಲಿ ವಿಜ್ಞಾನಿ ಮಹಿಳೆಯರ ಸಭೆಯಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು.

ಅವರಿಗೆ ದೊರೆತ ಗುರು ಎಂ. ಶ್ರೀನಿವಾಸಯ್ಯನವರು. ಶಿಸ್ತಿನಲ್ಲಿ ಕಟ್ಟುನಿಟ್ಟು, ಕೆಲಸದಲ್ಲಿ ನಿಷ್ಠುರ. ಆದರೆ ಕಲಿಯಬೇಕೆನ್ನುವವರಿಗೆ ತಮ್ಮ ವಿದ್ಯೆಯನ್ನೆಲ್ಲ ಧಾರೆಯೆರೆಯುವ ಸ್ವಭಾವದವರು. ಅವರ ಮಾರ್ಗದರ್ಶನದಲ್ಲಿ ಕಮಲಾ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಕುರಿತು ಅಭ್ಯಾಸ ನಡೆಸಿದರು. ಅಂದು ಅನೇಕರಿಗೆ ಇದು ಸಾಧಾರಣ ವಿಷಯವೆಂದು ತೋರಿರಬಹುದು. ಆದರೆ ಮಾಂಸಾಹಾರ ಅಪರೂಪವಾಗಿದ್ದ, ಹಾಲು ಎಲ್ಲರಿಗೂ ಎಟುಕದಿದ್ದ ದೇಶದಲ್ಲಿ ಬಡವನ ಶರೀರವನ್ನು ಕಟ್ಟುವುದು ಬೇಳೆ. ಅದರಲ್ಲಿ ಏನಿದೆ, ಇರುವುದರಲ್ಲಿ ಎಷ್ಟು ನಮ್ಮ ಮೈಗೆ ಹತ್ತುತ್ತದೆ ಎಂಬ ಪ್ರಶ್ನೆಗಿಂತ ದೊಡ್ಡ ಪ್ರಶ್ನೆ ಆಹಾರವಿಜ್ಞಾನದಲ್ಲಿ ಮತ್ತಾವುದಿದ್ದೀತು? ವರ್ಷ ಕಳೆಯುವುದರೊಳಗೆ ರಾಮನ್ನರಿಗೆ ಆಕೆಯ ಯೋಗ್ಯತೆ ಮನವರಿಕೆಯಾಯಿತು. 1936ರಲ್ಲಿ ಕಮಲಾ ಉನ್ನತ ಶ್ರೇಣಿಯಲ್ಲಿ ಎಂ.ಎಸ್ಸಿ. ಪದವಿ ಪಡೆದರು. ಅವರ ತರುವಾಯ ಆ ಸಂಸ್ಥೆಯ ಬಾಗಿಲು ಇತರ ವಿದ್ಯಾರ್ಥಿನಿಯರಿಗೂ ತೆರೆಯಿತು.

ಮುಂದಿನ ಅವರ ಕಾರ್ಯವನ್ನು ತಿಳಿಯಬೇಕಾದರೆ ಕಿಣ್ವವೆಂದರೇನು ಎಂಬುದನ್ನು ತಿಳಿದಿರಬೇಕು. ಜೋಳದ ರೊಟ್ಟಿಯ ತುಣುಕೊಂದನ್ನು ಬಾಯಲ್ಲಿಟ್ಟು ನುಂಗದೆ ಬಹಳ ಹೊತ್ತು ಅಗಿದರೆ ಅದು ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ವಸ್ತುವೊಂದು ಜೋಳದ ಪಿಷ್ಟವನ್ನು ಒಡೆದು ಸಕ್ಕರೆಯ ರೂಪಕ್ಕೆ ತರುವುದೇ ಇದಕ್ಕೆ ಕಾರಣ. ಹೀಗೆ ಜೀವಿಗಳ ದೇಹದೊಳಗೆ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸಿ, ತಾನು ಮಾತ್ರ ವ್ಯಯವಾಗದೆ ಉಳಿಯುವ ವಸ್ತುವೇ ಕಿಣ್ವ. ಪ್ರತಿಯೊಂದು ಕಿಣ್ವಕ್ಕೂ ಗೊತ್ತಾದ ಕೆಲಸವುಂಟು. ಪಿಷ್ಟವನ್ನು ಒಡೆಯುವ ಕಿಣ್ವ ಪ್ರೋಟೀನನ್ನು ಮುಟ್ಟುವುದಿಲ್ಲ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋ ಎಂಬವರು ಮೊಳೆತ ಬಾರ್ಲಿಯಿಂದ ಇಂತಹ ವಸ್ತುವನ್ನು ಬೇರ್ಪಡಿಸಿದರು. ಜೀವಕೋಶವಿಲ್ಲದೆಯೂ ಕಿಣ್ವ ಕೆಲಸಮಾಡಬಲ್ಲುದೆಂಬುದನ್ನು 1897ರಲ್ಲಿ ಜರ್ಮನಿಯ ಬುಖ್ನರ್ ತೋರಿಸಿದರು. 1926ರಲ್ಲಿ ಅಮೆರಿಕದ ಸಮ್ನರ್ ಮೊಟ್ಟಮೊದಲು ಕಿಣ್ವವೊಂದನ್ನು ಹರಳಿನ ರೂಪದಲ್ಲಿ ಪಡೆದರು. ಅವರು ಅದನ್ನು ತೆಗೆದುದು ಅವರೆಯ ಬಳಗಕ್ಕೆ ಸೇರಿದ ಒಂದು ಕಾಳಿನಿಂದ. ಕಮಲಾ ಸಂಶೋಧನೆಗೆ ತೊಡಗಿದಾಗ ಈ ಶಾಸ್ತ್ರ ಇನ್ನೂ ಎಳೆಯದಾಗಿತ್ತು.

1937ರಲ್ಲಿ ಅವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿನ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ಜೀವಸತ್ವಗಳ ಸಂಶೋಧನೆಗಾಗಿ 1929ರಲ್ಲಿ ನೊಬೆಲ್ ಪಡೆದಿದ್ದ ಸರ್ ಫ್ರೆಡರಿಕ್ ಹಾಪ್ಕಿನ್ಸ್. ಪ್ರಯೋಗಶಾಲೆಯಲ್ಲಿ ಎಳ್ಳು ಹಾಕಲೂ ಎಡೆಯಿರಲಿಲ್ಲ. ಆಗ ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ತಮ್ಮ ಮೇಜನ್ನೇ ಹಗಲಿನ ವೇಳೆ ಆಕೆಗೆ ಬಿಟ್ಟುಕೊಟ್ಟರು. ಹೊರನಾಡಿನ ಅಪರಿಚಿತರೊಬ್ಬರು ತೋರಿದ ಈ ಔದಾರ್ಯವನ್ನು ಬೆಂಗಳೂರಿನ ಅನುಭವದ ಪಕ್ಕದಲ್ಲಿರಿಸಿ ನೋಡಿದರೆ ಮನಸ್ಸಿಗೆ ಕೊಂಚ ಕಸಿವಿಸಿಯಾಗುತ್ತದೆ. ಆದರೆ ಆ ವಿಶ್ವವಿದ್ಯಾಲಯವೂ ಸ್ತ್ರೀಯರಿಗೆ ಪೂರ್ಣ ಸದಸ್ಯತ್ವದ ಹಕ್ಕನ್ನು ನೀಡಿದುದು 1948ರಲ್ಲಿ ಎಂಬುದನ್ನು ಮರೆಯುವಂತಿಲ್ಲ. ಪೂರ್ವವಾಗಲಿ ಪಶ್ಚಿಮವಾಗಲಿ, ಈ ವಿಷಯದಲ್ಲಿ ಯಾರೂ ಬಹಳ ಮುಂದೆ ಇರಲಿಲ್ಲ.

ರಿಕ್ಟರ್ ಬೇರೆಡೆಗೆ ಹೋದ ಮೇಲೆ ಕಮಲಾ ಅವರು ರಾಬಿನ್ ಹಿಲ್ ಅವರ ಜೊತೆಯಲ್ಲಿ ಕೆಲಸ ಆರಂಭಿಸಿದರು. ಹಸಿರೆಲೆಗಳ ಆಹಾರತಯಾರಿಕೆಯಲ್ಲಿ ‘ಹಿಲ್ ಕ್ರಿಯೆ’ ಎಂದು ಹೆಸರಾದ ವಿದ್ಯಮಾನವನ್ನು ಕಂಡುಹಿಡಿದವರು ಇವರೇ. ಸಸ್ಯಗಳ ಉಸಿರಾಟವನ್ನು ಅರಿಯುವ ಕೆಲಸದಲ್ಲಿ ಕಮಲಾ ಅವರಿಗೆ ನೆರವಾದ ವಸ್ತು ನಮ್ಮ ಅಡುಗೆಮನೆಯ ಆಲೂಗಡ್ಡೆ. ಪ್ರಾಣಿಗಳಂತೆ ಸಸ್ಯಗಳೂ ಉಸಿರಾಡುತ್ತವೆ. ಆಹಾರವನ್ನು ಆಮ್ಲಜನಕದೊಡನೆ ಕೂಡಿಸಿ ಶಕ್ತಿಯನ್ನು ಪಡೆಯುತ್ತವೆ. ಈ ಕ್ರಿಯೆ ಒಮ್ಮೆಗೇ ಬೆಂಕಿಯಂತೆ ನಡೆಯುವುದಿಲ್ಲ. ಕಿಣ್ವಗಳ ಸಾಲೊಂದು ಅದನ್ನು ಮೆಟ್ಟಿಲು ಮೆಟ್ಟಿಲಾಗಿ ನಡೆಸುತ್ತದೆ. ಆ ಸಾಲಿನಲ್ಲಿ ಇಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವ, ಕಬ್ಬಿಣದ ಅಂಶವುಳ್ಳ ಪ್ರೋಟೀನಿಗೆ ಸೈಟೋಕ್ರೋಮ್ ಸಿ ಎಂದು ಹೆಸರು. ಇದನ್ನು ಕಿಣ್ವವೆಂದೇ ಹಲವು ಪುಸ್ತಕಗಳು ಕರೆಯುತ್ತವೆ. ಕಿಣ್ವಗಳ ಸಂಗಾತಿ ಎಂದರೆ ಹೆಚ್ಚು ಸರಿಯಾದೀತು. ಪ್ರಾಣಿಗಳ ಅಂಗಾಂಶಗಳಲ್ಲಿ ಇದರ ಪಾತ್ರ ಸಾಕಷ್ಟು ತಿಳಿದಿತ್ತು. ಆಲೂಗಡ್ಡೆಯಲ್ಲಿ ಇದರ ಇರವನ್ನು ಗುರುತಿಸಿದ ಕಮಲಾ, ಸಸ್ಯಕೋಶಗಳ ಉಸಿರಾಟದಲ್ಲಿಯೂ ಇದು ಪಾತ್ರ ವಹಿಸುತ್ತದೆಂದು ತೋರಿಸಿದರು. ಹೂಬಿಡುವ ಸಸ್ಯಗಳಲ್ಲಿ ಇದಕ್ಕೆ ಸಂಬಂಧಿಸಿದ ಕಿಣ್ವವನ್ನು ಕುರಿತು ಹಿಲ್ ಮತ್ತು ಅವರು ಜೊತೆಯಾಗಿ ಬರೆದ ಲೇಖನ 1939ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕೇಂಬ್ರಿಜ್ ಸೇರಿದ ಹದಿನಾಲ್ಕು ತಿಂಗಳಲ್ಲಿ ಅವರು ಪ್ರಬಂಧವನ್ನು ಒಪ್ಪಿಸಿದರು. ಅದರ ಗಾತ್ರ ಕೇವಲ 40 ಪುಟ. ತೂಕದಿಂದ ವಿದ್ವತ್ತನ್ನು ಅಳೆಯುವವರಿಗೆ ಇದೊಂದು ಉತ್ತರವಾಗಿತ್ತು. 1939ರಲ್ಲಿ ಅವರಿಗೆ ಪಿಎಚ್.ಡಿ. ಪದವಿ ದೊರೆಯಿತು. ಕೇಂಬ್ರಿಜ್‌ನಿಂದ ವಿಜ್ಞಾನದಲ್ಲಿ ಆ ಪದವಿಯನ್ನು ಪಡೆದ ಮೊದಲ ಭಾರತೀಯ ಮಹಿಳೆ ಅವರೇ. ವಿದೇಶದಲ್ಲಿಯೇ ಉಳಿಯುವ ಅವಕಾಶಗಳಿದ್ದರೂ ಅದೇ ವರ್ಷ ಅವರು ಸ್ವದೇಶಕ್ಕೆ ಮರಳಿದರು.

ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ, ಅನಂತರ ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕಾಹಾರ ಸಂಶೋಧನಾಲಯದ ಸಹಾಯಕ ನಿರ್ದೇಶಕರಾಗಿ ಅವರು ಸೇವೆ ಸಲ್ಲಿಸಿದರು. 1947ರಲ್ಲಿ ಎಂ. ವಿ. ಸೊಹೋನಿಯವರನ್ನು ವಿವಾಹವಾಗಿ ಮುಂಬಯಿಗೆ ಬಂದು, ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ಅವರ ಅತ್ಯುತ್ತಮ ಕಾರ್ಯವೆಲ್ಲ ನಡೆದುದು ಇಲ್ಲಿಯೇ. ಶಿಷ್ಯರ ತಂಡವೊಂದನ್ನು ಕಟ್ಟಿಕೊಂಡು ಬಡಜನರು ಉಣ್ಣುವ, ಕುಡಿಯುವ ಪದಾರ್ಥಗಳನ್ನೇ ಅವರು ಸಂಶೋಧನೆಗೆ ಆರಿಸಿಕೊಂಡರು.

ನೀರಾ ಅವುಗಳಲ್ಲಿ ಒಂದು. ತಾಳೆ, ಈಚಲು ಮೊದಲಾದ ಮರಗಳಿಂದ ಇಳಿಸುವ ಸಿಹಿರಸವೇ ನೀರಾ. ಬೀದರ ಸೀಮೆಯವರಿಗೆ ಇದರ ಹುಳಿತ ರೂಪವಾದ ಸೇಂದಿಯೇ ಹೆಚ್ಚು ಪರಿಚಿತ. ಸಂಜೆ ಕಟ್ಟಿದ ಮಡಕೆಯಲ್ಲಿ ಬೆಳಗಿನವರೆಗೆ ಸಂಗ್ರಹವಾಗುವ ರಸ ಬಿಸಿಲೇರಿದಂತೆ ನೊರೆಯೇಳತೊಡಗುತ್ತದೆ. ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ತಮ್ಮ ಕಿಣ್ವಗಳಿಂದ ಅದರ ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾರ್ಪಡಿಸುತ್ತವೆ. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ಈ ಕ್ರಿಯೆ ತಡವಾಗುತ್ತದೆ. ರಸ ಸಿಹಿಯಾಗಿಯೇ ಉಳಿಯುತ್ತದೆ. ಮನೆಗಳನ್ನು ಹಾಳುಮಾಡುವ ಸೇಂದಿಗೂ ಮಕ್ಕಳಿಗೆ ಕುಡಿಸಬಹುದಾದ ನೀರಾಕ್ಕೂ ನಡುವೆ ಇರುವುದು ಕೆಲವೇ ಗಂಟೆಗಳ ಅಂತರ. ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಸಲಹೆಯಂತೆ ಸೊಹೋನಿಯವರು ನೀರಾದ ಪೋಷಕಗುಣಗಳನ್ನು ಪರೀಕ್ಷಿಸಿದರು. ಅದರಲ್ಲಿ ಜೀವಸತ್ವಗಳೂ ಕಬ್ಬಿಣದ ಅಂಶವೂ ಇವೆಯೆಂದು, ರಸವನ್ನು ಕಾಯಿಸಿ ಬೆಲ್ಲ ಮಾಡಿದಾಗಲೂ ಅವು ಉಳಿಯುತ್ತವೆಯೆಂದು ಕಂಡುಕೊಂಡರು. ಆಹಾರದ ಕೊರತೆಯಿದ್ದ ಬುಡಕಟ್ಟಿನ ಮಕ್ಕಳಿಗೂ ಗರ್ಭಿಣಿಯರಿಗೂ ಇದರಿಂದ ಆರೋಗ್ಯ ಸುಧಾರಿಸಿತು. ಈ ಕಾರ್ಯಕ್ಕಾಗಿ ಅವರಿಗೆ ರಾಷ್ಟ್ರಪತಿಗಳ ಪ್ರಶಸ್ತಿ ಸಂದಿತು.

ಬೇಳೆಕಾಳುಗಳ ವಿಷಯವನ್ನು ಅವರು ಬೆಂಗಳೂರಿನಿಂದಲೇ ಹೊತ್ತು ತಂದಿದ್ದರು. ನಾವು ಉಂಡ ಬೇಳೆಯ ಪ್ರೋಟೀನನ್ನು ಕರುಳಿನಲ್ಲಿ ಒಡೆಯುವ ಮುಖ್ಯ ಕಿಣ್ವ ಟ್ರಿಪ್ಸಿನ್. ಕಾಳುಗಳು ತಮ್ಮೊಳಗೆ ಈ ಟ್ರಿಪ್ಸಿನ್ನನ್ನು ಕಟ್ಟಿಹಾಕುವ ಒಂದು ಬಗೆಯ ಪ್ರೋಟೀನನ್ನು ಇರಿಸಿಕೊಂಡಿರುತ್ತವೆ. ಕೀಟಗಳ ಬಾಧೆಯಿಂದ ಪಾರಾಗಲು ಸಸ್ಯಗಳು ಮಾಡಿಕೊಂಡ ಉಪಾಯವಿದು. ಹಸಿಯ ಕಾಳನ್ನು ತಿಂದರೆ ನಮಗೂ ಅದರ ತೊಡಕು ತಪ್ಪದು. ಭಾರತೀಯ ಆಹಾರವಸ್ತುಗಳಲ್ಲಿ ಇಂತಹ ತಡೆವಸ್ತುಗಳಿರುವುದನ್ನು ಕುರಿತು ಸೊಹೋನಿ ಮತ್ತು ಅವರ ಶಿಷ್ಯರ ಲೇಖನಗಳು 1954ರಿಂದ ಮುಂದೆ ಪ್ರಕಟವಾದವು. ಎಳ್ಳಮಾವಾಸ್ಯೆಯ ಭಜ್ಜಿಯನ್ನು ಬಹಳ ಹೊತ್ತು ಕುದಿಸುವ, ಕಾಳನ್ನು ನೆನೆಸಿ ಮೊಳಕೆ ಬರಿಸುವ ನಮ್ಮ ಅಡುಗೆಯ ಕ್ರಮಗಳು ಎಷ್ಟು ವಿವೇಕದಿಂದ ಕೂಡಿವೆಯೆಂಬುದು ಈ ಬಗೆಯ ಸಂಶೋಧನೆಗಳಿಂದ ಸ್ಪಷ್ಟವಾಗುತ್ತದೆ.

ಸೊಹೋನಿಯವರ ಕಾಲದಲ್ಲಿ ಸಸ್ಯದಿಂದ ಕಿಣ್ವವನ್ನು ಹೊರತೆಗೆಯುವುದೇ ಒಂದು ಸಾಹಸವಾಗಿತ್ತು. ಅನಂತರದ ತಲೆಮಾರಿನವರು ಕಿಣ್ವವನ್ನೇ ಉಪಕರಣವನ್ನಾಗಿ ಮಾಡಿಕೊಂಡು ಸಸ್ಯದೊಳಗಿನ ಇತರ ವಸ್ತುಗಳನ್ನು ಹೊರತೆಗೆಯತೊಡಗಿದರು. ಸಸ್ಯದ ಪ್ರತಿಯೊಂದು ಕೋಶಕ್ಕೂ ಗಟ್ಟಿಯಾದ ಗೋಡೆಯುಂಟು. ಸೆಲ್ಯುಲೋಸ್, ಪೆಕ್ಟಿನ್ ಮೊದಲಾದ ವಸ್ತುಗಳಿಂದ ಅದು ಕಟ್ಟಲ್ಪಟ್ಟಿದೆ. ಔಷಧಕ್ಕೋ ಬಣ್ಣಕ್ಕೋ ಬೇಕಾದ ಸಾರ ಈ ಗೋಡೆಯ ಒಳಗಡೆ ಇರುತ್ತದೆ. ಅದನ್ನು ಪಡೆಯಲು ಹೆಚ್ಚು ಶಾಖ ಕೊಟ್ಟರೆ ಸಾರವೇ ಕೆಡಬಹುದು. ರಾಸಾಯನಿಕ ದ್ರಾವಕಗಳನ್ನು ಬಳಸಿದರೆ ಅವುಗಳ ಶೇಷ ಉಳಿಯಬಹುದು. ಸೆಲ್ಯುಲೇಸ್, ಪೆಕ್ಟಿನೇಸ್ ಎಂಬ ಕಿಣ್ವಗಳಾದರೋ ಹದವಾದ ಬೆಚ್ಚನೆಯ ನೀರಿನಲ್ಲಿ ಗೋಡೆಯನ್ನು ಮಾತ್ರ ಸಡಿಲಿಸಿ, ಒಳಗಿನ ಸಾರ ಕೆಡದಂತೆ ಹೊರಬರಲು ದಾರಿ ಮಾಡಿಕೊಡುತ್ತವೆ. ಆದರೆ ಕಿಣ್ವಗಳ ಬೆಲೆ ಹೆಚ್ಚು. ಶಾಖ, ಆಮ್ಲತೆ, ಕಾಲ ಇವುಗಳ ಹದ ತಪ್ಪಿದರೆ ಫಲವಿಲ್ಲ.

1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಶುಂಠಿಯಿಂದ ಅದರ ಖಾರದ ಸಾರವನ್ನು ತೆಗೆಯುವಲ್ಲಿ ಇಂತಹ ಕಿಣ್ವಗಳನ್ನು ಬಳಸಿ ನೋಡಿದ್ದಾರೆ. ಬೀದರ ಜಿಲ್ಲೆಯ ರೈತರಿಗೆ ಶುಂಠಿ ಹೊಸ ಬೆಳೆಯಲ್ಲ. ಇನ್ನು ಅವರ ತೊಗರಿಯ ಮಾತು. ತೊಗರಿಯ ಸಿಪ್ಪೆ ಒಳಗಿನ ಬೇಳೆಗೆ ಅಂಟಿನಂತಹ ಪದರದಿಂದ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಆದ್ದರಿಂದಲೇ ಎಣ್ಣೆ ಸವರಿಯೋ ನೀರಿನಲ್ಲಿ ನೆನೆಸಿಯೋ ಬಿಸಿಲಿನಲ್ಲಿ ಹರವಿ, ಮತ್ತೆ ಮತ್ತೆ ಒಡೆಯಬೇಕಾಗುತ್ತದೆ. ಬೇಳೆಯ ಒಂದಷ್ಟು ಪಾಲು ನುಚ್ಚಾಗಿ, ಪುಡಿಯಾಗಿ ನಷ್ಟವಾಗುತ್ತದೆ. ಈ ಅಂಟನ್ನು ಕಿಣ್ವಗಳಿಂದ ಸಡಿಲಿಸಿದರೆ ಸಿಪ್ಪೆ ಸುಲಭವಾಗಿ ಬಿಡುವುದೆಂದು ನಮ್ಮ ದೇಶದಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ಪಾಚಿಗಳ ಲೋಕದಲ್ಲಿಯೂ ಇದೇ ಉಪಾಯ ನಡೆಯುತ್ತದೆ. ಸ್ಪಿರುಲಿನ ಎಂಬ ನೀಲಿಹಸಿರು ಪಾಚಿಯಲ್ಲಿ ಫೈಕೋಸಯನಿನ್ ಎಂಬ ಸುಂದರವಾದ ನೀಲಿ ವರ್ಣದ್ರವ್ಯವಿದೆ. ಆಹಾರಕ್ಕೆ ಬಣ್ಣವಾಗಿ ಅದಕ್ಕೆ ಬೇಡಿಕೆಯುಂಟು. ಬಿಸಿ ತಾಗಿದರೆ ಅದು ಬೇಗ ಮಾಸುವುದರಿಂದ, ಲೈಸೋಝೈಮ್ ಎಂಬ ಕಿಣ್ವದಿಂದ ಪಾಚಿಯ ಕೋಶದ ಗೋಡೆಯನ್ನು ಒಡೆದು ಅದನ್ನು ಪಡೆಯುವ ಮಾರ್ಗವೊಂದುಂಟು. ಇವುಗಳಲ್ಲಿ ಯಾವುದೂ ಸೊಹೋನಿಯವರು ಮಾಡಿದ ಕೆಲಸವಲ್ಲ. ಆದರೆ ಸಸ್ಯದ ಕಿಣ್ವಗಳನ್ನು ಕುರಿತ ಅಭ್ಯಾಸ ಭಾರತದಲ್ಲಿ ಬೇರೂರಲು ದುಡಿದ ಮೊದಲಿಗರಲ್ಲಿ ಅವರೊಬ್ಬರು.

ಇಷ್ಟೆಲ್ಲ ಸಾಧಿಸಿದ ಮೇಲೂ ಹಳೆಯ ತಡೆ ಹೊಸ ವೇಷದಲ್ಲಿ ಮರಳಿ ಬಂದಿತು. ಮುಂಬಯಿಯ ಸಂಸ್ಥೆಯ ನಿರ್ದೇಶಕರ ಹುದ್ದೆ ಅವರಿಗೆ ನ್ಯಾಯವಾಗಿ ಸಲ್ಲಬೇಕಾದ ಕಾಲದಲ್ಲಿ ಸಲ್ಲಲಿಲ್ಲ. ಒಳಗಿನ ರಾಜಕೀಯದಿಂದ ಅವರು ನಾಲ್ಕು ವರ್ಷ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಯೌವನದ ಹುರುಪಿನಿಂದ ಬಾಗಿಲಲ್ಲಿ ಕೂರುವ ವಯಸ್ಸು ಮೀರಿತ್ತು. ಅವರು ತಮ್ಮ ಪಾಡಿಗೆ ಶಿಷ್ಯರೊಡನೆ ಕೆಲಸ ಮುಂದುವರಿಸಿದರು. ಕೊನೆಗೆ ಹುದ್ದೆ ದೊರೆತಾಗ ಅದನ್ನು ದಕ್ಷತೆಯಿಂದ ನಿರ್ವಹಿಸಿದರು.

ಪ್ರಯೋಗಶಾಲೆಯ ಹೊರಗೂ ಅವರಿಗೆ ಕೆಲಸವಿತ್ತು. ಕೊಳ್ಳುವವರ ಹಿತರಕ್ಷಣೆಗಾಗಿ 1966ರಲ್ಲಿ ಮುಂಬಯಿಯಲ್ಲಿ ಒಂಬತ್ತು ಮಂದಿ ಮಹಿಳೆಯರು ಸೇರಿ ಗ್ರಾಹಕ ಮಾರ್ಗದರ್ಶನ ಸಂಘವನ್ನು ಕಟ್ಟಿದರು. ಅವರಲ್ಲಿ ಸೊಹೋನಿಯವರೂ ಒಬ್ಬರು. ತೊಗರಿಬೇಳೆಯಲ್ಲಿ ಕೇಸರಿ ಬೇಳೆಯನ್ನು ಬೆರೆಸುವುದು, ಬೇಳೆಗೆ ವಿಷಕರವಾದ ಹಳದಿ ಬಣ್ಣ ಹಚ್ಚುವುದು ಮುಂತಾದ ಮೋಸಗಳು ಆ ಕಾಲದ ಪೇಟೆಯಲ್ಲಿ ಸಾಮಾನ್ಯವಾಗಿದ್ದವು. ಸಂಘದ ‘ಕೀಮತ್’ ಪತ್ರಿಕೆಯಲ್ಲಿ ಗೃಹಿಣಿಯರಿಗೆ ತಿಳಿಯುವಂತೆ ಅವರು ಲೇಖನಗಳನ್ನು ಬರೆದರು. 1982ರಲ್ಲಿ ಸಂಘದ ಅಧ್ಯಕ್ಷರಾದರು. ಕೇಂಬ್ರಿಜ್‌ನಲ್ಲಿ ಆಲೂಗಡ್ಡೆಯ ಕೋಶದೊಳಗನ್ನು ಶೋಧಿಸಿದ ಆ ವಿದುಷಿ ಸಂತೆಯ ಚೀಲದೊಳಗಿನ ಬೇಳೆಯನ್ನೂ ಅಷ್ಟೇ ಎಚ್ಚರಿಕೆಯಿಂದ ನೋಡಿದರು.

ಬಹುಕಾಲ ಅವರ ಹೆಸರು ವಿಜ್ಞಾನವಲಯದ ಹೊರಗೆ ಅಷ್ಟಾಗಿ ಕೇಳಿಬರಲಿಲ್ಲ. ಇಳಿವಯಸ್ಸಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನವದೆಹಲಿಯಲ್ಲಿ ಅವರಿಗೆ ಸನ್ಮಾನವನ್ನು ಏರ್ಪಡಿಸಿತು. ಆ ಸಮಾರಂಭದ ವೇಳೆಯಲ್ಲಿಯೇ ಅವರು ಕುಸಿದುಬಿದ್ದರು. ಕೆಲಕಾಲದಲ್ಲಿ, 1998ರಲ್ಲಿ, ಅವರು ತೀರಿಕೊಂಡರು.